ಶಿಲಾನಗರಿಯ ಜಲಮಾರ್ಗ

(ಸಂವಾದಿಗಳಿಬ್ಬರೂ ನಿವೃತ್ತರು. ಒಬ್ಬರು ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸಿದವರು. ಮತ್ತೊಬ್ಬರು ನೀರಾವರಿ ಇಲಾಖೆಯಲ್ಲಿದ್ದು ಕೆರೆ ಕಾಲುವೆಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವರು. ಮೊದಲನೆಯವರು ದುಬೈಯಲ್ಲಿರುವ ಮಗಳ ಮನೆಗೆ ಹೋದವರು ಅಲ್ಲಿಂದ ಜೋರ್ಡಾನ್ ದೇಶಕ್ಕೂ ಹೋಗಿ ಬಂದಿದ್ದಾರೆ.)

ಇಂಜಿನಿಯರು: ಎರಡು ಸಾವಿರ ವರ್ಷಗಳ ನಗರವೊಂದನ್ನು ಬೆಳಿಗ್ಗೆ ನೋಡಿ, ಮಧ್ಯಾಹ್ನ ಮರುಭೂಮಿಯನ್ನೂ ಮುಗಿಸಿ, ರಾತ್ರಿಯ ಊಟದ ಹೊತ್ತಿಗೆ ಹೋಟೆಲು ಸೇರಿಕೊಂಡೆವೆಂದು ಹೇಳುತ್ತೀರಿ. ಮೇಷ್ಟ್ರೇ, ಅದನ್ನು ನೋಟವೆನ್ನಲು ನನಗೆ ಮನಸ್ಸಾಗದು. ತಿರುಪತಿಯಲ್ಲಿ ‘ಜರಗಂಡಿ, ಜರಗಂಡಿ’ ಎಂದು ತಳ್ಳಿಸಿಕೊಂಡು ಗರ್ಭಗುಡಿಯ ಮುಂದೆ ಹಾಯ್ದು ಹೋದವನಿಗೆ ಆದಷ್ಟೇ ದರ್ಶನ ನಿಮಗೂ ಆಗಿರಬೇಕು.

ಮೇಷ್ಟ್ರು: ಜೋರ್ಡಾನಿನ ಸರ್ಕಾರವೂ ನಿಮ್ಮ ಪಕ್ಷದಲ್ಲೇ ಇದೆ. ಆ ದೇಶದಲ್ಲಿ ರಾತ್ರಿ ತಂಗುವ ವಿದೇಶಿಯರಿಗೆ ಆ ಶಿಲಾನಗರ ಪೆಟ್ರಾದ ಒಂದು ದಿನದ ಪ್ರವೇಶ ಶುಲ್ಕ 50 ದಿನಾರ್ ಆದರೆ, ಗಡಿ ದಾಟಿ ಬಂದು ಅದೇ ದಿನ ಹಿಂದಿರುಗುವವರಿಗೆ 90 ದಿನಾರ್. ಅವಸರಕ್ಕೆ ವಿಧಿಸಿದ ದಂಡವೆಂದೇ ಇಟ್ಟುಕೊಳ್ಳಿ. ನಾವು ಅಕಬಾ ಪಟ್ಟಣದಲ್ಲಿ ತಂಗಿದ್ದವರಾದುದರಿಂದ ಆ ದಂಡದಿಂದ ಪಾರಾದೆವು. ಆದರೆ ಒಂದು ಮಾತು. ಪೆಟ್ರಾವನ್ನು ಐರೋಪ್ಯ ಲೋಕಕ್ಕೆ ಪರಿಚಯಿಸಿದನೆಂದು ಕೀರ್ತಿ ಪಡೆದ ಮಹಾಶಯನೂ ನಮ್ಮಂತೆಯೇ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು, ಒಂದೇ ಹಗಲಿನಲ್ಲಿ ಅದನ್ನು ನೋಡಿ ಹೋದವನು.

ಇಂಜಿನಿಯರು: ಯಾರು, ಆ ಸ್ವಿಟ್ಜರ್ಲೆಂಡಿನವನೆ?

ಮೇಷ್ಟ್ರು: ಅವನೇ, ಬರ್ಕ್‌ಹಾರ್ಟ್. ಲಂಡನ್ನಿನ ಆಫ್ರಿಕನ್ ಸಂಘದ ಆಶ್ರಯದಲ್ಲಿ ಹೊರಟು, ಸಿರಿಯಾದಲ್ಲಿ ಅರಬ್ಬೀ ಭಾಷೆಯನ್ನೂ ಇಸ್ಲಾಮೀ ಶಾಸ್ತ್ರವನ್ನೂ ಅಭ್ಯಾಸ ಮಾಡಿ, ಶೇಖ್ ಇಬ್ರಾಹಿಮ್ ಎಂಬ ಹೆಸರನ್ನು ಧರಿಸಿ ಕೈರೋ ನಗರದ ಕಡೆಗೆ ಪ್ರಯಾಣ ಮಾಡುತ್ತಿದ್ದವನಿಗೆ, ವಾದಿ ಮೂಸಾ ಎಂಬ ಕಣಿವೆಯಲ್ಲಿ ಪ್ರಾಚೀನ ಅವಶೇಷಗಳಿವೆಯೆಂಬ ವರ್ತಮಾನ ಕಿವಿಗೆ ಬಿದ್ದಿತು. ಅಲ್ಲಿಗೆ ಹೋಗುವುದಕ್ಕೊಂದು ನೆಪ ಬೇಕಲ್ಲವೆ? ಸಮೀಪದ ಬೆಟ್ಟದ ಮೇಲಿರುವ ಪ್ರವಾದಿ ಹಾರೂನರ ಸಮಾಧಿಯಲ್ಲಿ ಒಂದು ಮೇಕೆಯನ್ನು ಬಲಿಕೊಡುವ ಹರಕೆ ತನಗುಂಟೆಂದು ಹೇಳಿ, ಊರಿನ ಒಬ್ಬನನ್ನು ಜೊತೆಗೆ ಕರೆದುಕೊಂಡ. ಕೊಟ್ಟ ಸಂಬಳ ಏನು ಬಲ್ಲಿರಾ? ಒಂದು ಜೊತೆ ಹಳೆಯ ಕುದುರೆಲಾಳ. ಅದು 1812ರ ಆಗಸ್ಟ್ 22. ಒಂದೆರಡು ಗೋರಿಗಳ ಒಳಹೊಕ್ಕು ನೋಡುವುದರೊಳಗೆ ಜೊತೆಯವನಿಗೆ ಸಂಶಯ ಹುಟ್ಟಿತು; ನಿಧಿ ತೆಗೆಯಲು ಬಂದ ನಾಸ್ತಿಕ ಇವನೆಂದು ಆತ ಮುಖದ ಮೇಲೆಯೇ ಆಡಿಬಿಟ್ಟ. ಎಲ್ಲರೆದುರಿಗೆ ಪುಸ್ತಕ ತೆಗೆದು ಬರೆದುಕೊಳ್ಳುವ ಧೈರ್ಯವೂ ಇಲ್ಲದೆ, ಹೊತ್ತು ಮುಳುಗುವುದರಿಂದ ಬೆಟ್ಟವನ್ನೂ ಏರಲಾರದೆ, ಸಮಾಧಿ ಕಾಣುವ ದೂರದಲ್ಲಿಯೇ ಮೇಕೆಯನ್ನು ಕೊಯ್ದು ಹಿಂದಿರುಗಿದ. ಐದು ವರ್ಷಗಳ ಮೇಲೆ ಕೈರೋದಲ್ಲಿಯೇ ತೀರಿಕೊಂಡ. ಪುಸ್ತಕ ಅಚ್ಚಾದುದು 1822ರಲ್ಲಿ. ಅಂತೂ ಒಂದು ಹಗಲಿನ ಅವಸರದ ನೋಟದಿಂದ ಆ ಪುಟಗಳು ಹುಟ್ಟಿದುವು.

ಇಂಜಿನಿಯರು: ಸರಿ, ಕುದುರೆಲಾಳಕ್ಕೆ ಸೋತೆ. ಆದರೆ ‘ಪರಿಚಯಿಸಿದ’ ಎಂದಿರಲ್ಲ, ಪತ್ರಿಕೆಗಳವರು ಬರೆಯುವಂತೆ ‘ಕಳೆದುಹೋಗಿದ್ದ ನಗರವನ್ನು ಕಂಡುಹಿಡಿದ’ ಎನ್ನಲಿಲ್ಲ. ಅದು ಸಂತೋಷ.

ಮೇಷ್ಟ್ರು: ಕಳೆದುಹೋಗಿದ್ದುದು ಯಾರಿಗೆ? ಬದೂಲ್ ಎಂಬ ಬೆದುಯಿನ್ ಪಂಗಡದವರು ಆ ಗುಹೆಗಳಲ್ಲಿಯೇ ಒಲೆ ಹೂಡಿ, ಆಡು ಕಟ್ಟಿ ಬಾಳುತ್ತಿದ್ದರು. ಯುನೆಸ್ಕೋ ಪೆಟ್ರಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 1985ರಲ್ಲಿಯೇ ಅವರನ್ನು ಗುಹೆಗಳಿಂದ ಎಬ್ಬಿಸಿ, ಗುಡ್ಡದ ಮೇಲಿನ ಉಮ್ಮ್ ಸೈಹೂನ್ ಎಂಬ ಹೊಸ ಹಳ್ಳಿಗೆ ಸಾಗಿಸಲಾಯಿತು. ಈಗ ಅವರ ಮಕ್ಕಳು ಕತ್ತೆ ಒಂಟೆಗಳನ್ನು ಹಿಡಿದುಕೊಂಡು, ಅಜ್ಜಂದಿರ ಮನೆಯ ಬಾಗಿಲಿನಲ್ಲಿ ಪ್ರವಾಸಿಗಳಿಗೋಸ್ಕರ ಕಾಯುತ್ತಾರೆ.

ಇಂಜಿನಿಯರು: ನೀವು ಕಂಡದ್ದನ್ನು ಕ್ರಮವಾಗಿ ಹೇಳಿ.

ಮೇಷ್ಟ್ರು: ಬೆಳಗಿನ ಜಾವಕ್ಕೆ ಅಕಬಾ ಬಿಟ್ಟೆವು. ಸಮುದ್ರತೀರದಿಂದ ಹೊರಟ ಬಸ್ಸು ಎರಡು ತಾಸಿನೊಳಗಾಗಿ ಸಾವಿರ ಮೀಟರಿಗೂ ಮಿಕ್ಕ ಎತ್ತರಕ್ಕೆ ಏರುತ್ತದೆ; ಬೋಳು ಗುಡ್ಡಗಳ ಹೊರತು ನಡುವೆ ಕಣ್ಣಿಗೆ ಬೀಳುವುದು ಅತ್ಯಲ್ಪ. ಮಾರ್ಗದರ್ಶಿ ವಾದಿ ಮೂಸಾ ಊರಿನವನೇ. ಬಾಗಿಲು ಹೊಕ್ಕಕೂಡಲೆ ನಮ್ಮನ್ನೆಲ್ಲ ಎಣಿಸಿ, ಇಂಡಿಯಾನಾ ಜೋನ್ಸನ ಸಿನಿಮಾ ಎಲ್ಲಿ ಚಿತ್ರೀಕರಿಸಿದರೆಂಬುದನ್ನು ಮೊದಲು ಹೇಳಿ, ಆಮೇಲೆ ಚರಿತ್ರೆಗೆ ಬಂದ. ಅಲ್ಲಿಂದ ಮುಂದೆ ಸೀಕ್ ಎಂಬ ಕಂದರ. ಭೂಮಿಯ ಒಳಬಲಗಳಿಂದ ಒಂದು ಪರ್ವತವೇ ನಡುವೆ ಸೀಳಿಹೋಗಿ, ಆ ಸೀಳನ್ನು ನೀರು ಯುಗಯುಗಗಳಿಂದ ನಯಗೊಳಿಸಿ ಆದ ದಾರಿ ಅದು, ಉದ್ದ 1.2 ಕಿಲೋಮೀಟರು, ಅಗಲ ಕೆಲವೆಡೆ ಮೂರು ಮೀಟರು ಮಾತ್ರ, ಎರಡು ಪಕ್ಕದ ಗೋಡೆಗಳಾದರೋ 80 ಮೀಟರಿಗೂ ಮಿಗಿಲಾಗಿ ಏರಿ ಆಕಾಶವನ್ನು ಒಂದು ಪಟ್ಟಿಯಷ್ಟಕ್ಕೆ ಇಳಿಸುತ್ತವೆ. ಅದರ ಕೊನೆಯ ತಿರುವಿನಲ್ಲಿ, ಕತ್ತಲೆಯ ಎರಡು ಅಂಚುಗಳ ನಡುವೆ, ಖಜಾನೆ ಎಂದು ಕರೆಯಲ್ಪಡುವ ಆ ಗುಲಾಬಿ ವರ್ಣದ ಮುಖಮಂಟಪದ ಒಂದು ತುಂಡು ಕಾಣುತ್ತದೆ. ಹೆಜ್ಜೆ ಇಟ್ಟಂತೆ ತುಂಡು ಅಗಲವಾಗುತ್ತ ಹೋಗಿ, ಕಡೆಗೆ ಸುಮಾರು 40 ಮೀಟರು ಎತ್ತರದ ಇಡೀ ಕೃತಿ ಬಿಸಿಲಿನಲ್ಲಿ ಎದುರು ನಿಲ್ಲುತ್ತದೆ. ಕಂಬಗಳು ಯವನ ಶೈಲಿಯವು. ನಡುವೆ ಈಜಿಪ್ಟಿನ ಐಸಿಸ್ ದೇವಿಯ ಲಕ್ಷಣವುಳ್ಳ ಮೂರ್ತಿ. ತುದಿಯಲ್ಲಿ ಬೃಹತ್ತಾದ ಒಂದು ಕಲಶ. ಆ ಕಲಶದಲ್ಲಿ ಫರೋಹನ ನಿಧಿ ಅಡಗಿದೆಯೆಂದು ನಂಬಿ ಹಿಂದಿನವರು ಕೆಳಗಿನಿಂದ ಗುಂಡು ಹಾರಿಸಿದ ಗುರುತುಗಳು ಅದರ ಮೈತುಂಬ ಇವೆ. ಕಲಶ ಗಟ್ಟಿ ಬಂಡೆ. ಒಳಗೆ ಒಂದು ಹಿಡಿ ಗಾಳಿಗೂ ಎಡೆಯಿಲ್ಲ.

ಇಂಜಿನಿಯರು: ನಲವತ್ತು ಮೀಟರಿಗೆ ಸಾರುವೆ ಕಟ್ಟುವುದಕ್ಕೆ ಆ ದೇಶದಲ್ಲಿ ಮರ ಎಲ್ಲಿಂದ ತಂದರು?

ಮೇಷ್ಟ್ರು: ನೆಲದಿಂದ ಸಾರುವೆ ಎಬ್ಬಿಸಿದವರಲ್ಲ. ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದರು. ಖಜಾನೆಯ ಎರಡು ಮಗ್ಗುಲಲ್ಲೂ ಬಂಡೆಯಲ್ಲಿ ಸಾಲಾಗಿ ಕೊರೆದ ಗೂಡುಗಳು ಇಂದಿಗೂ ಉಂಟು. ಆಳು ಹತ್ತಿ ಇಳಿಯಲು ಅವು ಮೆಟ್ಟಿಲಾಗಿದ್ದಿರಬೇಕು. ನಗರದ ನಡುವೆ ಅರ್ಧಕ್ಕೆ ನಿಂತ ಗೋರಿಯೊಂದಿದೆ: ಮೇಲೆ ಬೋದಿಗೆಗಳ ರೂಪ ಮೂಡಿದೆ, ಕೆಳಗೆ ಕಂಬವೂ ಇಲ್ಲ, ಬಾಗಿಲೂ ಇಲ್ಲ, ಬರಿಯ ಬಂಡೆ. ಅದನ್ನು ನೋಡಿದೊಡನೆ ವಿಧಾನವೆಲ್ಲ ತಾನಾಗಿ ತಿಳಿಯುತ್ತದೆ. ಎಲ್ಲೋರದ ಕೈಲಾಸವನ್ನು ನಮ್ಮ ರಾಷ್ಟ್ರಕೂಟರ ಕಾಲದ ಶಿಲ್ಪಿಗಳು ಎಂಟನೆಯ ಶತಮಾನದಲ್ಲಿ ಶಿಖರದಿಂದ ಆರಂಭಿಸಿ ಇಳಿಸಿದುದು ಇದೇ ರೀತಿಯಲ್ಲಿ. ಬಾದಾಮಿಯ ಮೂರನೆಯ ಗುಹೆ, ಶಾಸನದ ಪ್ರಕಾರ 578ರದು, ಅದೂ ಇಂಥದೇ ಕೆಂಪು ಮರಳುಗಲ್ಲಿನಲ್ಲಿ ಕೊರೆದದ್ದು. ಆದರೆ ಭೇದವೊಂದಿದೆ. ಬಾದಾಮಿಯಲ್ಲಿ ಒಳಕ್ಕೆ ಕಾಲಿಟ್ಟೊಡನೆ ಶಿಲ್ಪಗಳು ಎದುರಾಗುತ್ತವೆ. ವರಾಹ, ನರಸಿಂಹ, ತ್ರಿವಿಕ್ರಮ ಎಲ್ಲರೂ ಒಳಗೇ ಇದ್ದಾರೆ. ಖಜಾನೆಯ ಒಳಗಾದರೋ ಸುಮಾರು ಹನ್ನೆರಡು ಮೀಟರು ಚದರದ ಒಂದು ಬರಿಯ ಕೋಣೆ. ಅಲ್ಲಿಯ ಏಕೈಕ ಅಲಂಕಾರ ಬಂಡೆಯದೇ ಬಣ್ಣ. ಕಬ್ಬಿಣ, ಮ್ಯಾಂಗನೀಸುಗಳ ಭಸ್ಮ ಮರಳುಗಲ್ಲಿನ ಪದರಗಳಲ್ಲಿ ಎಳೆದ ಕೆಂಪು, ಹಳದಿ, ನೇರಳೆ ಗೆರೆಗಳು.

ಇಂಜಿನಿಯರು: ಬರಿಯ ಕೋಣೆಗೆ ಇಷ್ಟು ಆಡಂಬರವೆ?

ಮೇಷ್ಟ್ರು: ಅದು ಗೋರಿ, ರಾಯರೇ. ನಬಾತಿಯರೆಂಬ ಅರಬ್ ಜನಾಂಗದ ನಾಲ್ಕನೆಯ ಅರೆಟಾಸ್ ಎಂಬ ಅರಸನದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆತ ಕ್ರಿಸ್ತಪೂರ್ವ 9ರಿಂದ ಕ್ರಿಸ್ತಶಕ 40ರವರೆಗೆ ಆಳಿದವನು. ಪೆಟ್ರಾದಲ್ಲಿ ನಾವು ಬಾಯಿ ಬಿಟ್ಟುಕೊಂಡು ನೋಡುವ ಮುಖಮಂಟಪಗಳಲ್ಲಿ ಹೆಚ್ಚಿನವು ಸತ್ತವರ ಮನೆಗಳೇ. ಬದುಕಿದ್ದವರ ನಗರ ಕಟ್ಟಿದ ಕಲ್ಲಿನದು. 363ರ ಭೂಕಂಪದಲ್ಲಿ ಅದರ ಬಹುಭಾಗ ನೆಲಸಮವಾಯಿತು. ಇನ್ನೊಂದು ವಿಚಿತ್ರ ಕೇಳಿ. ಪೆಟ್ರಾದಲ್ಲಿ ವಾಸಮಾಡಿದ್ದ ಮಿತ್ರನೊಬ್ಬನಿಂದ ಸಂಗತಿಗಳನ್ನು ಕೇಳಿ ತಿಳಿದ ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಜ್ಞ, ಈ ಜನ ಹೆಣವನ್ನು ಸಗಣಿಗೆ ಸಮಾನವೆಂದು ತಿಳಿಯುತ್ತಾರೆ, ಅರಸರನ್ನೂ ತಿಪ್ಪೆಯ ಪಕ್ಕದಲ್ಲಿ ಹೂಳುತ್ತಾರೆ ಎಂಬುದಾಗಿ ಬರೆದಿಟ್ಟಿದ್ದಾನೆ. ಆ ಗೋರಿಗಳ ಸಾಲಿನ ಮುಂದೆ ನಿಂತು ಇದನ್ನು ನೆನೆದಾಗ, ಕಣ್ಣಾರೆ ಕಂಡವನ ಬಾಯಿಂದ ಬಂದ ವರ್ತಮಾನವನ್ನೂ ಎಷ್ಟರಮಟ್ಟಿಗೆ ನಂಬಬೇಕೆಂದು ಚರಿತ್ರೆಯ ಮೇಷ್ಟ್ರಿಗೆ ಯೋಚನೆ ಹತ್ತುತ್ತದೆ.

ಇಂಜಿನಿಯರು: ಗೋರಿಗಳ ಮಾತು ಸಾಕು. ನನಗೆ ಬೇರೊಂದು ಅರ್ಥವಾಗಬೇಕು. ಅಲ್ಲಿ ಮಳೆ ಎಷ್ಟು?

ಮೇಷ್ಟ್ರು: ವರ್ಷಕ್ಕೆ ಸುಮಾರು 150 ಮಿಲಿಮೀಟರು.

ಇಂಜಿನಿಯರು: ನಮ್ಮ ಬಯಲುಸೀಮೆಯ ಚಳ್ಳಕೆರೆಯವನು ಕೂಡ ಅದನ್ನು ಮಳೆಯೆಂದು ಒಪ್ಪಲಾರ. ಜನ ಎಷ್ಟಿದ್ದರು?

ಮೇಷ್ಟ್ರು: ಉಚ್ಛ್ರಾಯದ ಕಾಲದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ್ದರೆಂದು ಅಂದಾಜು. ಜನಕ್ಕೆ ಮಾತ್ರವಲ್ಲ, ಒಂಟೆಗಳಿಗೂ ನೀರು ಬೇಕಾಗಿತ್ತು. ದಕ್ಷಿಣ ಅರೇಬಿಯಾದ ಲೋಬಾನ, ರಕ್ತಬೋಳಗಳನ್ನು ಹೊತ್ತ ಸಾರ್ಥಗಳು ಗಾಜಾ ಬಂದರಿಗೆ ಹೋಗುವ ದಾರಿಯ ಕಟ್ಟೆ ಅದು. ನಮ್ಮ ಪಶ್ಚಿಮ ಕರಾವಳಿಯ ಮೆಣಸಿನ ಬಂದರುಗಳನ್ನು ವರ್ಣಿಸುವ ಆ ಮೊದಲ ಶತಮಾನದ ಗ್ರೀಕ್ ನಾವಿಕನ ಕೈಪಿಡಿ, ‘ಪೆರಿಪ್ಲಸ್’, ಕೆಂಪು ಸಮುದ್ರದ ಒಂದು ಬಂದರಿನಿಂದ ನಬಾತಿಯರ ಅರಸ ಮಾಲಿಕನ ಪೆಟ್ರಾಕ್ಕೆ ದಾರಿ ಇದೆಯೆಂದು ಹೇಳುತ್ತದೆ.

ಇಂಜಿನಿಯರು: ಹಾಗಾದರೆ ನೀರು ಎಲ್ಲಿಂದ? ನಿಮ್ಮ ಮಾರ್ಗದರ್ಶಿ ಅದನ್ನು ತೋರಿಸಿದನೆ, ಇಲ್ಲವೆ ಸಿನಿಮಾದಲ್ಲಿಯೇ ನಿಂತುಬಿಟ್ಟನೆ?

ಮೇಷ್ಟ್ರು: ನಡೆಯುತ್ತ ನಡೆಯುತ್ತ ಕೈ ತೋರಿಸಿದ, ನಾನು ಗುಂಪನ್ನು ಮುಂದಕ್ಕೆ ಬಿಟ್ಟು ನಿಂತೆ. ಸೀಕಿನ ಒಂದು ಪಕ್ಕದ ಗೋಡೆಯಲ್ಲಿ, ಸೊಂಟದ ಎತ್ತರದಲ್ಲಿ, ಬಂಡೆಯನ್ನೇ ಕೊರೆದು ಮಾಡಿದ ಕಾಲುವೆ ಉದ್ದಕ್ಕೂ ಸಾಗುತ್ತದೆ. ಅದರ ಮೇಲೆ ಮುಚ್ಚಿದ್ದ ಚಪ್ಪಡಿಗಳು ಅಲ್ಲಲ್ಲಿ ಉಳಿದಿವೆ. ಎದುರು ಪಕ್ಕದ ಗೋಡೆಯಲ್ಲಿ ಕೊರೆದ ಸಂದಿನಲ್ಲಿ ಸುಟ್ಟ ಮಣ್ಣಿನ ಕೊಳವೆಗಳು. ಒಂದೊಂದು ಕೊಳವೆಯೂ ಮೊಳದುದ್ದಕ್ಕಿಂತ ಹೆಚ್ಚಿಲ್ಲ; ಒಂದರ ಬಾಯಿಗೆ ಇನ್ನೊಂದರ ತುದಿ ಸೇರಿಸಿ, ಸಂದುಗಳನ್ನು ಗಾರೆಯಿಂದ ಬಿಗಿದು, ಮೇಲೆಯೂ ಗಾರೆಯ ಹೊದಿಕೆ ಹಾಕಿದ್ದಾರೆ. ಗಾರೆ ಕಿತ್ತುಹೋದ ಒಂದೆಡೆಯಲ್ಲಿ ಕೊಳವೆಯ ಅರ್ಧ ಮೈ ಹಾಗೆಯೇ ಕಾಣುತ್ತದೆ. ಕುಂಬಾರನ ಬೆರಳು ತಿರುಗಿಸಿದ ಸುತ್ತುಗೆರೆಗಳು ಅದರ ಮೇಲೆ ಅಳಿಯದೆ ಉಳಿದಿವೆ. ಊರ ಮೇಲಣ ಐನ್ ಮೂಸಾ ಎಂಬ ಬುಗ್ಗೆಯ ನೀರು ಇಲ್ಲಿ ಹರಿದು ನಗರ ಸೇರುತ್ತಿತ್ತು.

ಇಂಜಿನಿಯರು: ಎರಡು ವ್ಯವಸ್ಥೆಗಳು! ಕುಡಿಯುವ ನೀರನ್ನು ಬೇರೆಯೇ ಕೊಳವೆಯಲ್ಲಿ ತಂದಿರಬೇಕು. ಹೂಳಿಗೆ ಏನು ಮಾಡಿದ್ದರು?

ಮೇಷ್ಟ್ರು: ದಾರಿಯಲ್ಲಿ ಅಲ್ಲಲ್ಲಿ ಚಿಕ್ಕ ತೊಟ್ಟಿಗಳನ್ನು ಕಡಿದಿದ್ದಾರೆ, ನೀರು ಅಲ್ಲಿ ತಂಗಿ ಮರಳು ತಳಕ್ಕೆ ಇಳಿದ ಮೇಲೆ ಮುಂದಕ್ಕೆ ಹೋಗಬೇಕು. ಇಳಿಜಾರಂತೂ ಕಣ್ಣಿಗೆ ತೋರದಷ್ಟು ಮೆಲ್ಲನೆ.

ಇಂಜಿನಿಯರು: ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಸಂದು ಬಿಚ್ಚುತ್ತದೆ, ಕಡಿಮೆಯಾದರೆ ಹೂಳು ಕಚ್ಚುತ್ತದೆ. ನಮ್ಮ ಓವರ್ಸಿಯರುಗಳಿಗೆ ಲೆವೆಲ್ ಯಂತ್ರ ಕೈಗೆ ಕೊಟ್ಟರೂ ಇದು ತಪ್ಪುತ್ತಿತ್ತು. ಇವರು ಅದನ್ನು ಕಲಿತದ್ದು ಯಾರಿಂದ?

ಮೇಷ್ಟ್ರು: ಮರುಭೂಮಿಯಿಂದಲೇ ಎನ್ನಬೇಕು. ಕ್ರಿಸ್ತಪೂರ್ವ 312ರಲ್ಲಿ, ಅಲೆಕ್ಸಾಂಡರನ ದಂಡನಾಯಕರಲ್ಲೊಬ್ಬನಾದ ಆಂಟಿಗೊನಸನ ಸೈನ್ಯ ಇವರ ಮೇಲೆ ದಂಡೆತ್ತಿ ಹೋದ ಪ್ರಸಂಗವನ್ನು ವರ್ಣಿಸುವಾಗ ಡಿಯೊಡೋರಸ್ ಎಂಬ ಇತಿಹಾಸಕಾರ ಹೇಳುವುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ: ಧಾನ್ಯ ಬಿತ್ತಬಾರದು, ಫಲದ ಗಿಡ ನೆಡಬಾರದು, ಮದ್ಯ ಮುಟ್ಟಬಾರದು, ಮನೆ ಕಟ್ಟಬಾರದು, ಮೀರಿದವನಿಗೆ ಮರಣದಂಡನೆ ಎಂಬುದು ಆಗ ಅವರ ಕಟ್ಟಳೆ. ಮನೆಯಿದ್ದವನನ್ನು ಬಲಿಷ್ಠ ಅರಸ ಸುಲಭವಾಗಿ ಬಗ್ಗಿಸಬಲ್ಲ ಎಂಬುದೇ ಅದರ ತರ್ಕ. ಅದೇ ಗ್ರಂಥ ಇನ್ನೊಂದನ್ನೂ ಹೇಳುತ್ತದೆ: ನೆಲದೊಳಗೆ ಬಾಯಿ ಕಿರಿದಾಗಿ ಒಡಲು ವಿಶಾಲವಾಗಿ ತೊಟ್ಟಿಗಳನ್ನು ತೋಡಿ, ಗಾರೆ ಬಳಿದು, ಮಳೆನೀರು ತುಂಬಿಸಿ, ತಮಗೆ ಮಾತ್ರ ಗೊತ್ತಾಗುವಂತೆ ಗುರುತಿಟ್ಟು ಮುಚ್ಚಿಬಿಡುತ್ತಿದ್ದರು. ಶತ್ರು ಬಂದರೆ ಮರಳುಗಾಡಿನೊಳಕ್ಕೆ ಓಡಿಹೋಗುವುದು. ಹಿಂದೆ ಬಂದವನು ನೀರಿಲ್ಲದೆ ಸಾಯುವುದು. ಮೂರು ಶತಮಾನಗಳಲ್ಲಿ ಆ ಜನವೇ ಅರಮನೆಯಂತಹ ಗೋರಿಗಳನ್ನು ಕಡಿದರು. ನಗರದ ನಡುವೆ, 43 ಮೀಟರು ಉದ್ದ 23 ಮೀಟರು ಅಗಲದ ಕೊಳವನ್ನು ನಿರ್ಮಿಸಿ, ಅದರ ಪಕ್ಕದಲ್ಲಿ ಉದ್ಯಾನವನ್ನು ಬೆಳೆಸಿದರು.

ಇಂಜಿನಿಯರು: ಕೊಳ ಎಂದರೆ ದರ್ಪ. ಬಿಸಿಲಿನಲ್ಲಿ ಬೆಂದು ಬಂದ ವರ್ತಕನ ಮುಂದೆ ತೆರೆದ ನೀರನ್ನು ಹಾಗೆ ಬಿಸಿಲಿಗೆ ಒಡ್ಡಿ ಇಡುವುದಕ್ಕಿಂತ ದೊಡ್ಡ ಐಶ್ವರ್ಯಪ್ರದರ್ಶನ ಇನ್ನಾವುದಿದ್ದೀತು? ನನ್ನನ್ನು ಕೇಳಿದರೆ ನಿಮ್ಮ ಖಜಾನೆಗಿಂತ ಆ ಕೊಳವೇ ಮೇಲು.

ಮೇಷ್ಟ್ರು: ಸೀಕಿನಲ್ಲಿ ನಾನು ಕಂಡ ಒಂದು ಶಿಲ್ಪ ನಿಮ್ಮ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ. ಗೋಡೆಯಲ್ಲಿ ನಿಜದ ಗಾತ್ರಕ್ಕಿಂತ ದೊಡ್ಡದಾಗಿ, ಒಂಟೆಗಳನ್ನು ಹಿಡಿದು ನಡೆಸುವವರ ಉಬ್ಬುಶಿಲ್ಪವಿತ್ತು; ಈಗ ಮೇಲಿನದೆಲ್ಲ ಸವೆದು, ಒಬ್ಬನ ಪಾದ, ಉಡುಪಿನ ಅಂಚಿನ ನೆರಿಗೆ, ಒಂಟೆಯ ಕಾಲುಗಳು ಇಷ್ಟೇ ಉಳಿದಿವೆ. ಹೂಳಿನಲ್ಲಿ ಮುಚ್ಚಿಹೋಗಿದ್ದ ಭಾಗ 1990ರ ದಶಕದಲ್ಲಿ ಕಂದರವನ್ನು ಶುದ್ಧಿಮಾಡಿದಾಗ ಹೊರಬಂತು. ಆ ಒಂಟೆಗಳ ಹಿಂದೆ, ಅವುಗಳ ಮೈಯ ಮರೆಯಲ್ಲಿಯೇ, ಕಾಲುವೆ ಹಾದುಹೋಗುತ್ತದೆ. ಶಿಲ್ಪಿ ಕಾಲುವೆಯನ್ನು ಕೆಡಿಸಲಿಲ್ಲ, ಕಾಲುವೆಯವನು ಒಂಟೆಯನ್ನು ಕೆಡಿಸಲಿಲ್ಲ. ಅಲ್ಲಿಯೇ ಗೋಡೆಯ ಗೂಡುಗಳಲ್ಲಿ ದುಶಾರಾ ಎಂಬ ದೇವರ ಪ್ರತೀಕವಾದ ಚೌಕ ಕಲ್ಲುಗಳು, ಕೈಕಾಲಿಲ್ಲ, ಮುಖವಿಲ್ಲ. ನಮ್ಮ ಬಸ್ಸಿನಲ್ಲಿದ್ದ ಭಾರತೀಯರೊಬ್ಬರು ಅದನ್ನು ಲಿಂಗವೆಂದು ನಿರ್ಣಯಿಸಿ ಕೈಮುಗಿದರು. ಹೋಲಿಕೆ ಕಂಡಲ್ಲೆಲ್ಲ ನಂಟು ಕಲ್ಪಿಸುವುದು ನನಗೆ ಹಿಡಿಸದಿದ್ದರೂ, ಕೈಮುಗಿದದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಇಂಜಿನಿಯರು: ಅಂತಹ ಸೀಳಿನೊಳಗೆ ಒಂದು ಬಿರುಮಳೆಯ ನೆರೆ ನುಗ್ಗಿದರೆ ಏನು ಗತಿ? ಸುತ್ತಣ ಬೋಳುಬೆಟ್ಟಗಳ ನೀರೆಲ್ಲ ಅಲ್ಲಿಗೇ ಬರಬೇಕಲ್ಲ.

ಮೇಷ್ಟ್ರು: ಅದಕ್ಕೂ ಉಪಾಯ ಮಾಡಿದ್ದರು. ಸೀಕಿನ ಬಾಯಿಗೆ ಅಡ್ಡಲಾಗಿ ಕಟ್ಟೆ ಹಾಕಿ, ಪಕ್ಕದ ಬಂಡೆಯಲ್ಲಿ ಸುಮಾರು 90 ಮೀಟರಿನ ಸುರಂಗ ಕೊರೆದು, ನೆರೆಯ ನೀರನ್ನು ಬೇರೆ ಕಣಿವೆಗೆ ತಿರುಗಿಸಿಬಿಟ್ಟಿದ್ದರು. ಸುರಂಗ ಉಳಿಯಿತು, ಕಟ್ಟೆ ಹಾಳಾಯಿತು. 1963ರ ಏಪ್ರಿಲ್ ತಿಂಗಳಲ್ಲಿ ಫ್ರಾನ್ಸಿನಿಂದ ಬಂದಿದ್ದ ಯಾತ್ರಿಕರ ಗುಂಪೊಂದು ಸೀಕಿನೊಳಗಿದ್ದಾಗ ನೆರೆ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಕೊಚ್ಚಿಹೋದರು. ಆಮೇಲೆ ಸರ್ಕಾರದವರು ಅದೇ ಸ್ಥಳದಲ್ಲಿ ಹೊಸ ಕಟ್ಟೆಯನ್ನು ಹಾಕಿದರು. ಸುರಂಗ ಹಳೆಯದೇ ಸಾಕಾಯಿತು.

ಇಂಜಿನಿಯರು: ಎರಡು ಸಾವಿರ ವರ್ಷದ ಹಿಂದಿನವನು ಜಾಗವನ್ನು ಸರಿಯಾಗಿಯೇ ಆರಿಸಿದ್ದ ಎಂದಾಯಿತು. ಅಷ್ಟು ನೀರು ಕೂಡಿಸಿದವರು ಬಿಟ್ಟು ಹೋದದ್ದೇಕೆ?

ಮೇಷ್ಟ್ರು: 106ರಲ್ಲಿ ಟ್ರಾಜನ್ ಚಕ್ರವರ್ತಿ ರಾಜ್ಯವನ್ನು ರೋಮಿಗೆ ಸೇರಿಸಿಕೊಂಡ. ಸರಕು ಸಮುದ್ರದ ದಾರಿ ಹಿಡಿಯಿತು. ಉತ್ತರದಲ್ಲಿ ಪಾಲ್ಮೈರಾ ಮೇಲೇರಿತು. ಆ ಮೇಲೆ ಭೂಕಂಪ. ಆದರೂ ಆರನೆಯ ಶತಮಾನದಲ್ಲಿ ಜನರಿದ್ದರು. ಅಲ್ಲಿಯ ಒಂದು ಚರ್ಚಿನಲ್ಲಿ ಸುಟ್ಟು ಕರಿಕಾದ ಪಪೈರಸ್ ಸುರುಳಿಗಳ ರಾಶಿ 1993ರಲ್ಲಿ ದೊರೆತು, ಆ ಕಾಲದ ಆಸ್ತಿ, ಮದುವೆ, ವ್ಯಾಜ್ಯಗಳೆಲ್ಲ ಬೆಳಕಿಗೆ ಬಂದವು. ಆ ಚರ್ಚನ್ನು ನಾವು ಹೊರಗಿನಿಂದಷ್ಟೇ ನೋಡಿದೆವು. 800 ಮೆಟ್ಟಿಲು ಹತ್ತಿ ನೋಡಬೇಕಾದ ‘ದೈರ್’ ಎಂಬ ಗುಡ್ಡದ ಮೇಲಣ ಮುಖಮಂಟಪವನ್ನು ಬಿಟ್ಟೇ ಬಂದೆವು. ಒಂದು ದಿನದ ಪ್ರವಾಸದ ಕೊರತೆ ಅಲ್ಲಿ ನಿಜವಾಗಿಯೂ ತಿಳಿಯಿತು. ಮಧ್ಯಾಹ್ನ ವಾದಿ ರಮ್.

ಇಂಜಿನಿಯರು: ‘ಅರೇಬಿಯಾದ ಲಾರೆನ್ಸ್’ ಎನಿಸಿಕೊಂಡವನ ಮರುಭೂಮಿ.

ಮೇಷ್ಟ್ರು: ಅವನ ಹೆಸರನ್ನು ಮಾರುವವರು ಅಲ್ಲಿ ಹೆಜ್ಜೆಹೆಜ್ಜೆಗೂ ಇದ್ದಾರೆ. ಹಿಂದುಗಡೆ ಬೆಂಚು ಹಾಕಿದ ಪಿಕಪ್ ಗಾಡಿಯಲ್ಲಿ ಕೂಡಿಸಿ, ಕೆಂಪು ಮರಳಿನ ಮೇಲೆ ಕುಲುಕಿಸಿಕೊಂಡು ಹೋದರು. ಸಮುದ್ರದಿಂದ ಎದ್ದ ದ್ವೀಪಗಳಂತೆ ಮರಳಿನಿಂದ ಬೆಟ್ಟಗಳು ನೆಟ್ಟಗೆ ಏಳುತ್ತವೆ. ಜಬಲ್ ರಮ್ 1700 ಮೀಟರಿಗೂ ಮಿಕ್ಕ ಎತ್ತರ. ಖಜಾಲಿ ಎಂಬ ಬಿರುಕಿನ ಗೋಡೆಗಳಲ್ಲಿ ಪ್ರಾಚೀನರು ಗೀಚಿದ ಮನುಷ್ಯರು, ಪಾದಗಳು, ಅಕ್ಷರಗಳು. ಬಿರುಕಿನ ತಳದಲ್ಲಿ ನೀರಿನ ತೇವ. ಬೆದುಯಿನ್ ಗುಡಾರದಲ್ಲಿ ಸುವಾಸನೆಯ ಸೊಪ್ಪು ಹಾಕಿದ, ಸಕ್ಕರೆ ಅತಿಯಾದ ಚಹ. ಆದರೆ ನಿಮಗೆ ಬೇಕಾದದ್ದು ಬೇರೆ. ಬೆಟ್ಟದ ಮೇಲ್ಭಾಗ ಮರಳುಗಲ್ಲು, ಬುಡ ಗ್ರಾನೈಟು. ಇವೆರಡೂ ಕೂಡುವ ಎತ್ತರದಲ್ಲಿ, ಸುತ್ತಲೂ ಒಣಗಿದ ಬಂಡೆಯ ನಡುವೆ, ಒಂದು ಸಾಲು ಹಸಿರು ಗಿಡ ಕಾಣುತ್ತದೆ.

ಇಂಜಿನಿಯರು: ಅಲ್ಲೇ ಬುಗ್ಗೆ ಇರಬೇಕು. ಮರಳುಗಲ್ಲು ಮಳೆಯ ನೀರನ್ನು ಹೀರಿ ಕೆಳಕ್ಕೆ ಇಳಿಸುತ್ತದೆ; ಗ್ರಾನೈಟು ಒಳಕ್ಕೆ ಬಿಡದು; ನೀರು ಆ ಸಂದಿನಿಂದ ಹೊರಬರಲೇಬೇಕು.

ಮೇಷ್ಟ್ರು: ನೋಡದೆಯೇ ಹೇಳಿಬಿಟ್ಟಿರಿ! ನಬಾತಿಯರು ಆ ಬುಗ್ಗೆಯಿಂದ ಕಾಲುವೆ ತೋಡಿದ್ದರು. ಸಮೀಪದಲ್ಲಿ ಅಲ್ಲಾತ್ ದೇವಿಯ ಗುಡಿಯ ಅವಶೇಷವಿದೆ. ಅಲ್ಲಿಗೆ ಹತ್ತಿರದ ಡಿಸಿ ಎಂಬಲ್ಲಿ ಮರಳುಗಲ್ಲಿನ ಆಳದಲ್ಲಿ ಪುರಾತನ ಕಾಲದ ಮಳೆ ಶೇಖರವಾಗಿ ನಿಂತ ಜಲರಾಶಿಯೊಂದು ಉಂಟಂತೆ.

ಇಂಜಿನಿಯರು: ‘ಅಂತೆ’ ಬೇಡ, ಅದನ್ನು ನಾನು ಓದಿ ಬಲ್ಲೆ. 2013ರಿಂದ ಅದರ ನೀರನ್ನು ಸುಮಾರು 325 ಕಿಲೋಮೀಟರು ಉದ್ದದ ಕೊಳವೆಯಲ್ಲಿ ರಾಜಧಾನಿಯಾದ ಅಮ್ಮಾನಿಗೆ ಸಾಗಿಸುತ್ತಿದ್ದಾರೆ, ವರ್ಷಕ್ಕೆ ಹತ್ತು ಕೋಟಿ ಘನಮೀಟರು. ನಬಾತಿಯರು ತೊಟ್ಟಿಗಳಲ್ಲಿ ತುಂಬಿದ್ದು ಆ ವರ್ಷ ಬಿದ್ದ ಮಳೆ. ಡಿಸಿಯಲ್ಲಿರುವುದು ಸಾವಿರಾರು ವರ್ಷಗಳ ಹಿಂದೆ ಬಿದ್ದದ್ದು, ತೆಗೆದಷ್ಟು ಮತ್ತೆ ಸೇರುವುದಿಲ್ಲ. ಕುಡಿಯುವುದಕ್ಕೆ ಬೇರೆ ಗತಿಯಿಲ್ಲದ ದೇಶವನ್ನು ಅದಕ್ಕಾಗಿ ದೂಷಿಸಲಾರೆ. ಆದರೆ ಲೆಕ್ಕದಲ್ಲಿ ಎರಡೂ ಒಂದೇ ಅಲ್ಲ. ಆ ಮಣ್ಣಿನ ಕೊಳವೆಯನ್ನು ನಾನೊಮ್ಮೆ ಮುಟ್ಟಿ ನೋಡಬೇಕು, ಮೇಷ್ಟ್ರೇ. ಯಾವಾಗ ಹೋಗುವುದು ಒಳ್ಳೆಯದು?

ಮೇಷ್ಟ್ರು: ಮಾರ್ಚ್ ಏಪ್ರಿಲಿನಲ್ಲಿ, ಇಲ್ಲವೆ ಅಕ್ಟೋಬರಿನಲ್ಲಿ. ಮಳೆಯ ಸೂಚನೆ ಇದ್ದರೆ ಸೀಕನ್ನು ಮುಚ್ಚಿಬಿಡುವುದುಂಟು; ಆದಕಾರಣ ಒಂದು ದಿನವನ್ನು ಹೆಚ್ಚಿಗೆ ಕೈಯಲ್ಲಿ ಇಟ್ಟುಕೊಂಡು ಹೋಗಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ. ಬಸ್ಸುಗಳ ಗುಂಪು ಬರುವುದಕ್ಕೆ ಮುಂಚೆ ಒಳಗಿರಿ. ಮಾರ್ಗದರ್ಶಿಯನ್ನು ಖಂಡಿತ ಗೊತ್ತುಮಾಡಿಕೊಳ್ಳಿ, ಆದರೆ ಖಜಾನೆ ಕಾಣುವುದಕ್ಕೆ ಮೊದಲೇ ಅವನನ್ನು ಕಾಲುವೆಯ ಪಕ್ಕದಲ್ಲಿ ನಿಲ್ಲಿಸಿ ನಿಮ್ಮ ಪ್ರಶ್ನೆಗಳನ್ನೆಲ್ಲ ಕೇಳಿಬಿಡಿ. ಖಜಾನೆಯನ್ನು ಕಂಡ ಮೇಲೆ ಹಿಂದಿರುಗಿ ಕಾಲುವೆ ನೋಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.